ಕೊಡೆಕಡ್ಡಿಯ ಚಪ್ಪರ

ಕನ್ನಿ ತಿಂಗಳು ಹುಟ್ಟಿದರೆ ನನ್ನ ಅಂಗಡಿಗೆ ಕೆಲಸವಿಲ್ಲ.
ವಿರಾಜಪೇಟೆಯ ಮೋಡ ತೆಳ್ಳಗಾಗುತ್ತದೆ,
ಹೊಲಿದು ಹೊಲಿದು ಬಳಲಿದ ಕೊಡೆಬಟ್ಟೆಯ ಹಾಗೆ.
ಜೂನಿನಿಂದ ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು
ತಾರಸಿ ಹತ್ತುತ್ತೇನೆ.

ಅಲ್ಲಿ ನನ್ನ ಜಮೀನು:
ಪೇಂಟಿನ ಡಬ್ಬಿ ಹನ್ನೊಂದು, ಒಡೆದ ಬಕೆಟ್ಟು ಮೂರು,
ಮೀನಿನ ಥರ್ಮೋಕೋಲ್ ಪೆಟ್ಟಿಗೆ ಎರಡು,
ಹಂಝ ಕೊಟ್ಟದ್ದು, ಈಗಲೂ ಬಂಗುಡೆಯ ವಾಸನೆ.
"ಎಷ್ಟು ಎಕರೆ, ಸೂಫಿಕಾಕ?"
ಕೆಳಗಿನಿಂದ ತೋಟದ ಮಾಲೀಕರು ನಗೆಯಾಡುತ್ತಾರೆ.
ಎಣಿಸಿ ಹೇಳುತ್ತೇನೆ: ಹದಿನಾರು.

ನಾಲ್ಕು ತಿಂಗಳ ಮಳೆ ಮಣ್ಣಿನ ಸಾರವನ್ನೆಲ್ಲ ಕುಡಿದುಹೋಗಿದೆ.
ಡಬ್ಬಿ ಮಗುಚಿದರೆ ಕಡುಬಿನ ಹಾಗೆ ಇಡಿಯಾಗಿ ಬೀಳುತ್ತದೆ,
ಮೇಲೆ ಹಸಿರು ಪಾಚಿ,
ಅಡಿಯಲ್ಲಿ ತೂತಿಗೆ ಬೆನ್ನು ಕೊಟ್ಟು ಮಲಗಿದ ಶಂಖದ ಹುಳು.
ಹುಳು ಉಪ್ಪುನೀರಿಗೆ.
ಹೋದ ವರ್ಷದ ಬೇರು ಒಲೆಗೆ.
ಮಣ್ಣಿಗೆ, ಹರಕು ಕೊಡೆಬಟ್ಟೆಯ ಮೇಲೆ, ಮೂರು ಬಿಸಿಲು.

ಬಿಸಿಲನ್ನು ಇಲ್ಲಿ ಕೇಳಿ ಪಡೆಯಬೇಕು.
ಮೊದಲ ದಿನ ಬಂತು. ಎರಡನೆಯ ದಿನ
ಹನ್ನೊಂದಕ್ಕೆ ಬಂದು ಸಹಿ ಹಾಕಿ ಹೋಯಿತು.
ಮೂರನೆಯದಕ್ಕೆ ಐದು ದಿನ ಕಾದೆ.

ಆಮೇಲೆ ಬೆರೆಸುವ ಕೆಲಸ.
ಕೊಳೆತ ಕಾಫಿ ಸಿಪ್ಪೆ, ಎರಡು ವರ್ಷ ಹಳೆಯದು;
ಹೊಸತು ಹಾಕಿದರೆ ಬೇರು ಸುಡುತ್ತದೆ,
ಒಂದು ಇಡೀ ಪೆಟ್ಟಿಗೆ ಮೂಲಂಗಿ ಕಳೆದುಕೊಂಡು ಕಲಿತದ್ದು.
ಒಲೆಯ ಬೂದಿ ಒಂದು ಹಿಡಿ, ಸುಣ್ಣ ಎರಡು ಚಿಟಿಕೆ,
ಸಗಣಿಪುಡಿ ಕಣ್ಣಳತೆ.
ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು,
ಬೆರಳು ತಾಗಿದರೆ ಉದುರಬೇಕು.
"ಪುಟ್ಟಿನ ಹಿಟ್ಟೂ ಹೀಗೇ," ಎನ್ನುತ್ತಾಳೆ ಪಾತುಮ್ಮ,
"ನಲವತ್ತು ವರ್ಷ ತಿಂದಿರಿ, ಕಲಿಯಲಿಲ್ಲ."

ಡಬ್ಬಿಯ ತಳಕ್ಕೆ ಹೆಂಚಿನ ಚೂರು, ಮೇಲೆ ಮಣ್ಣು.
ನವಿಲುಕೋಸು, ಮತ್ತೆ ಮೂಲಂಗಿ,
ಕೊತ್ತಂಬರಿ, ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡಿದ್ದು.
ಸೂಜಿಮೆಣಸನ್ನು ಹಕ್ಕಿ ಮೊದಲೇ ಬಿತ್ತಿತ್ತು, ಕೀಳಲಿಲ್ಲ.
ಮೂರು ಡಬ್ಬಿಗೆ ರಾತ್ರಿ ನೆನೆಸಿಟ್ಟ ಬಟಾಣಿ.

ಬಟಾಣಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ.
ಅಟ್ಟದ ಮೇಲೆ ಕೇಳುವವರಿಲ್ಲದ ಕೊಡೆಗಳು ಮೂವತ್ತೊಂದು,
"ನಾಳೆ ಬರ್ತೇನೆ" ಅಂದವರದ್ದು.
ಚೀಟಿಯ ಶಾಯಿ ಹರಡಿ ಎಲ್ಲರ ಹೆಸರೂ ಒಂದೇ ಆಗಿದೆ.
ಮೂರನ್ನು ಆರಿಸಿ ಬಟ್ಟೆ ಕಳಚಿ,
ತುದಿಯನ್ನು ಮಣ್ಣಿಗೆ ಊರಿ ಅರ್ಧ ಬಿಚ್ಚಿದೆ:
ಎಂಟೆಂಟು ಕಡ್ಡಿ, ಮೇಲ್ಮುಖ.

ಸಂಕ್ರಮಣ ಕಳೆದು ಐದನೆಯ ದಿನ ಮತ್ತೆ ಮಳೆ,
ಹೊರಟವನು ಏನೋ ಮರೆತು ಹಿಂತಿರುಗಿದ ಹಾಗೆ.
ಅದರ ಬೆನ್ನಿಗೇ ಚೋಂದಮ್ಮ ಟೀಚರ್, ತಲೆಯ ಮೇಲೆ ಚೀಲ:
"ನನ್ನ ಕೊಡೆ ಆಯ್ತಾ? ಮರದ ಹಿಡಿಯದ್ದು.
ಜುಲೈಯಲ್ಲಿ ಕೊಟ್ಟದ್ದು."

ಸುಳ್ಳು ಬಾಯಿವರೆಗೆ ಬಂದಿತ್ತು.
ಮೇಲೆ ಕರೆದುಕೊಂಡು ಹೋದೆ.

ಮರದ ಹಿಡಿ ಮಳೆಗೆ ಮುಖ ಕೊಟ್ಟು ನಿಂತಿತ್ತು.
ಎರಡು ಕಡ್ಡಿಗೆ ಬಟಾಣಿ ಸುರುಳಿ ಹಾಕಿತ್ತು,
ಕೂದಲೆಳೆಯಷ್ಟು, ಆದರೆ ಬಿಗಿ.
ಟೀಚರ್ ಬಗ್ಗಿದರು, ಮಕ್ಕಳ ಕಾಪಿಪುಸ್ತಕ ನೋಡುವ ಕಣ್ಣಲ್ಲಿ
ಒಂದೊಂದೇ ಕಡ್ಡಿ ನೋಡಿದರು.
"ಮೂರನೆಯದು ಹಾಗೇ ಅಲ್ಲಾಡ್ತಾ ಇದೆ.
ಅದಕ್ಕೇ ಅಲ್ಲವಾ ನಾನು ಕೊಟ್ಟದ್ದು?"

ತಂತಿ ತಂದು ಅಲ್ಲೇ ಕಟ್ಟಿದೆ, ಬಳ್ಳಿಗೆ ತಾಗದ ಹಾಗೆ.
"ಪುತ್ತರಿಗೆ ಬರ್ತೇನೆ," ಅಂದರು,
"ಕೊಡೆಗೋ ಬಟಾಣಿಗೋ, ಆಗ ನೋಡುವ."
ನನ್ನದೇ ಕೊಡೆ ಕೊಟ್ಟು ಕಳಿಸಿದೆ.

ಗಡಿಯಾರದ ಕಂಬದ ತನಕ ಅದು ಹೋಗುವುದು ಕಾಣುತ್ತಿತ್ತು.
ಒಂದು ಹೊಲಿಗೆ ಬಿಚ್ಚಿದೆ, ಇಲ್ಲಿಂದಲೇ ಗೊತ್ತಾಗುತ್ತದೆ,
ಊರಿನ ಕೊಡೆಯೆಲ್ಲ ಹೊಲಿದವನದ್ದು.
ಅಂಗಿ ಬೆನ್ನಿಗೆ ಅಂಟಿತು.
ಇವತ್ತು ನೀರು ಹಾಕುವ ಕೆಲಸವಿಲ್ಲ.